ಸಂಕ ರಿಪೇರಿ ಮಾಡಿಸುವವರೇ, ಫೋಟೋ ನೋಡಿ ದುಡ್ಡು ಕೊಡಬೇಡಿ

ಬರೆಯುವುದೋ ಬೇಡವೋ ಅಂತ ಎರಡು ತಿಂಗಳು ಒದ್ದಾಡಿದೆ. ನಾಚಿಕೆ ಆಗುತ್ತದೆ. ತೋಟ ಮಾಡಿಕೊಂಡೇ ತಲೆ ಬೆಳ್ಳಗಾದವನು ಒಂದು ಫೋಟೋ ನೋಡಿ ಮೋಸ ಹೋದೆ ಅಂತ ಹೇಗೆ ಹೇಳಿಕೊಳ್ಳುವುದು? ಆದರೆ ನಮ್ಮ ಸಂಕ (ಹಳ್ಳ ದಾಟುವ ಕಿರುಸೇತುವೆ) ರಿಪೇರಿ ಮಾಡಿದ ಅದೇ ಕಂಟ್ರಾಕ್ಟರ್ ಮೊನ್ನೆ ಪಕ್ಕದ ಊರಲ್ಲಿ ಇನ್ನೊಬ್ಬರ ಸಂಕ ಅಳೆದು ಹೋಗಿದ್ದಾನಂತೆ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಕೇಳಬೇಡಿ.

ನಮ್ಮ ಮನೆ ಶಿರಸಿಯಿಂದ ಸ್ವಲ್ಪ ಒಳಗೆ. ರಸ್ತೆಗೂ ಅಂಗಳಕ್ಕೂ ನಡುವೆ ಹಳ್ಳ. ಮೊದಲು ಅಡಿಕೆ ಮರದ ಸಂಕ ಇತ್ತು. ಅಪ್ಪಯ್ಯ ಇದ್ದಾಗ ಎರಡೂ ಬದಿಗೆ ಕರಿಕಲ್ಲಿನ ಗೋಡೆ ಕಟ್ಟಿ ಮೇಲೆ ಸ್ಲ್ಯಾಬ್ ಹಾಕಿಸಿದ್ದರು. 16 ಅಡಿ ಉದ್ದ, 9 ಅಡಿ ಅಗಲ. ಜೀಪು, ಪಿಕಪ್ ಎಲ್ಲ ಅದರ ಮೇಲೇ. ಸ್ಲ್ಯಾಬ್ ಬಂದರೂ ನಮ್ಮ ಬಾಯಲ್ಲಿ ಅದು ಸಂಕವೇ.

ಸ್ಲ್ಯಾಬಿನ ಅಡಿಯಲ್ಲಿ ಕಾಂಕ್ರೀಟ್ ಉದುರಿ ಸರಳು ಕಾಣುತ್ತಿತ್ತು. ಒಂದು ಗೋಡೆಯ ಬುಡವನ್ನು ಹಳ್ಳ ಕೊರೆದಿತ್ತು, ಕೈ ಹಾಕಿದರೆ ಮೊಣಕೈವರೆಗೂ ಹೋಗುತ್ತಿತ್ತು. ಮಾತಾಗಿದ್ದು ಇಷ್ಟು. ಸಡಿಲ ಕಾಂಕ್ರೀಟ್ ಪೂರ್ತಿ ಒಡೆದು ತೆಗೆಯುವುದು, ಹಳೆ ಸರಳಿನ ತುಕ್ಕು ಉಜ್ಜುವುದು, ಸವೆದ ಕಡೆ 12 ಎಂಎಂ ಹೊಸ ಸರಳು ಕಟ್ಟಿ ಕಾಂಕ್ರೀಟ್ ಮಾಡುವುದು, ಗೋಡೆ ಬುಡಕ್ಕೆ ಕಲ್ಲು, ಕಾಂಕ್ರೀಟ್ ತುಂಬುವುದು. ಒಟ್ಟು 1,85,000 ರೂಪಾಯಿ. ಫೆಬ್ರವರಿಯಲ್ಲೇ 80,000 ಅಡ್ವಾನ್ಸ್ ಕೊಟ್ಟೆ.

ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. "ಜಾತ್ರೆ ಮುಗೀಲಿ ಹೆಗಡೇರೆ, ಆಳು ಸಿಗ್ತಿಲ್ಲ" ಅಂದ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಸರಿ ಬಿಡು ಅಂದುಕೊಂಡೆ. ಏಪ್ರಿಲ್ ಹೋಯಿತು. ಮೇ ಕೊನೆಗೆ, ನಾವು ಮದುವೆಗೆ ಅಂತ ಕುಮಟೆಗೆ ಹೊರಟ ದಿನವೇ, ಆಳು ಬಂದರು! ಮನೆಯಲ್ಲಿ ಆಯಿ, ಅಂದರೆ ನನ್ನ ಅಮ್ಮ, ಒಬ್ಬಳೇ. ಮೂರು ದಿನ ಬಿಟ್ಟು ಬಂದರೆ ಕೆಲಸ ಮುಗಿದಿತ್ತು. ಅಡಿಯೆಲ್ಲ ನುಣ್ಣಗೆ ಪ್ಲಾಸ್ಟರ್, ಮೇಲೆ ಸಿಮೆಂಟ್ ಹಾಲು.

ಅಷ್ಟು ಬೇಗ ಹೇಗೆ ಅಂತ ಕೇಳಿದೆ. ಕೇಳಲಿಲ್ಲ ಅಂತ ಅಲ್ಲ, ಕೇಳಿದೆ! "ಒಳಗಿಂದು ಫೋಟೋ ಕಳಿಸಿದ್ನಲ್ಲ, ನೋಡ್ಲಿಲ್ವಾ?" ಅಂದ. ಮದುವೆ ಮನೆಯಲ್ಲಿದ್ದಾಗ ಫೋಟೋ ಬಂದಿತ್ತು. ಹೊಸ ಸರಳು ಸಾಲಾಗಿ ಕಟ್ಟಿದ್ದು, ಹಿಂದೆ ಗೋಡೆ. ಅದನ್ನೇ ನಾನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿ "ನಮ್ಮ ಸಂಕ ಇನ್ನು ಮೂವತ್ತು ವರ್ಷ ಗಟ್ಟಿ" ಅಂತ ಬರೆದಿದ್ದೆ. ಬಾಕಿ ದುಡ್ಡು ಅದೇ ಸಂಜೆ ಎಣಿಸಿಕೊಟ್ಟೆ, ನಗದು. ಬಿಲ್ಲು ಅಂತ ಕೊಟ್ಟಿದ್ದು ಒಂದು ಚೀಟಿ.

ಆಯಿ ಮಾತ್ರ ಕೋಲಿನಿಂದ ತಟ್ಟಿ ನೋಡಿ "ಟೊಳ್ಳು ಶಬ್ದ ಬತ್ತಾ ಇದ್ದಲಾ ತಮಾ" ಅಂದಳು. ನಿಂಗೆಂತ ಗೊತ್ತು ಅಂತ ನಾನೇ ಬಾಯಿ ಮುಚ್ಚಿಸಿದೆ. ಅದು ಈಗಲೂ ಚುಚ್ಚುತ್ತದೆ.

ಜುಲೈಯಲ್ಲಿ ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಯಲು ಮೈಲುತುತ್ತ, ಸುಣ್ಣ ತಂದ ಪಿಕಪ್ ದಾಟುವಾಗ ಧಡ್ ಅಂತ ಸದ್ದು. ಮಗುವಿನ ತೊಟ್ಟಿಲಷ್ಟು ದೊಡ್ಡ ಚಕ್ಕೆ ಹಳ್ಳಕ್ಕೆ ಬಿದ್ದಿತ್ತು. ಬಗ್ಗಿ ನೋಡಿದರೆ ಅದೇ ಹಳೆ ಸರಳು, ಅದೇ ತುಕ್ಕು. ಉಗುರಲ್ಲಿ ಕೆರೆದರೆ ಪದರ ಪದರ ಏಳುತ್ತಿತ್ತು. ಏನೂ ಒಡೆದಿಲ್ಲ, ಉಜ್ಜಿಲ್ಲ. ಮೇಲಿಂದ ಮೆತ್ತಿದ್ದಷ್ಟೇ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಳಗಿಂದ ಸೀಳುತ್ತದೆ, ಅದರ ಮೇಲೆ ಪ್ಲಾಸ್ಟರ್ ಹೇಗೆ ನಿಲ್ಲಬೇಕು?

ಆ ರಾತ್ರಿ ಬೆಂಗಳೂರಲ್ಲಿರುವ ಮಗನಿಗೆ ಹೇಳಿದೆ. ಹಳೆ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದವನು, "ಅಪ್ಪ, ನಮ್ಮ ಸಂಕದ್ದು ಕರಿಕಲ್ಲಲ್ವಾ? ಇದು ಚಿರೇಕಲ್ಲು" ಅಂದ. ಹೌದು. ಕೆಂಪು ಚಿರೇಕಲ್ಲಿನ ಗೋಡೆ. ಅದು ನಮ್ಮ ಸಂಕವೇ ಅಲ್ಲ! ದಿನಾ ದಾಟುವ ಸಂಕದ ಕಲ್ಲು ನನಗೆ ಗುರುತಾಗಲಿಲ್ಲ. ಐವತ್ತು ಜನ ನೆಂಟರಿಗೆ ತೋರಿಸಿದ್ದೆ, ಒಬ್ಬನೂ ಹೇಳಲಿಲ್ಲ.

ಚೀಟಿ ತೆಗೆದೆ. 20 ಸರಳು ಅಂತ ಬರೆದಿದ್ದಾನೆ. 12 ಎಂಎಂ ಸರಳು 40 ಅಡಿಯದ್ದು, ಒಂದೊಂದೂ ಹತ್ತೂವರೆ ಕಿಲೋ. ಎರಡು ಕ್ವಿಂಟಲ್ ಮೇಲಾಯಿತು. ಅಷ್ಟು ಕಬ್ಬಿಣ ಅಂಗಳದಲ್ಲಿ ಇಳಿದಿದ್ದರೆ ಆಯಿಗೆ ಸದ್ದು ಕೇಳುತ್ತಿರಲಿಲ್ಲವಾ?

ಫೋನ್ ಮಾಡಿದೆ. ಮೊದಲು "ಹುಡುಗ್ರು ತಪ್ಪಿ ಬೇರೆ ಫೋಟೋ ಕಳಿಸಿರ್ಬೇಕು". ಆಮೇಲೆ "ನೀವು ಜಾಸ್ತಿ ಲೋಡ್ ತಂದಿದ್ರಿ". ನಾಲ್ಕು ಚೀಲ ಸುಣ್ಣ ಜಾಸ್ತಿ ಲೋಡಂತೆ! 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿ ಹೊಳೆಗೆ ಬಿತ್ತಲ್ಲ, ಪುಣ್ಯಕ್ಕೆ ಚಾಲಕ ಬದುಕಿದ. ಅದಾದ ಮೇಲೆ ಈ ಕಂಟ್ರಾಕ್ಟರ್‌ಗೆ ಹೊಸ ಮಾತು ಸಿಕ್ಕಿತು. "ಹೈವೇ ಸೇತುವೆನೇ ಬಿತ್ತು ಹೆಗಡೇರೆ, ನಿಮ್ಮ ಸಂಕದ್ದು ಎಂತಕ್ಕೆ ತಲೆಬಿಸಿ ಮಾಡ್ಕೊಳ್ತೀರಿ?" ಅಂದು ನಕ್ಕ. ನಗು ಕೇಳಿ ಕೈ ನಡುಗಿತು. ನನ್ನ ಸಂಕದ ಮೇಲೆ ಶಾಲೆ ಮಕ್ಕಳು ಓಡಾಡುತ್ತಾರೆ ಮಾರಾಯ.

ಮೊನ್ನೆ ಮತ್ತೆ ಮಾಡಿದೆ. "ದೀಪಾವಳಿ ಮುಗೀಲಿ" ಅಂದ.

ನಾನು ಹೇಳುವುದು ಇಷ್ಟೇ. ಪ್ಲಾಸ್ಟರ್ ಆಗುವ ಮೊದಲು ಹಳ್ಳಕ್ಕೆ ಇಳಿದು ಸರಳು ಕೈಯಲ್ಲಿ ಮುಟ್ಟಿ ನೋಡಿ. ನೀವಿಲ್ಲದ ದಿನ ಕೆಲಸ ಶುರು ಮಾಡಿಸಲೇಬೇಡಿ. ಹೊಸ ಕಾಂಕ್ರೀಟ್ ಗಟ್ಟಿಯಾಗಲು ವಾರವಾದರೂ ಗೋಣಿ ಹಾಸಿ ನೀರು ಹಾಕದೆ ಹೋಗುವವನಿಗೆ ಬಾಕಿ ಕೊಡಬೇಡಿ. ಅರ್ಧ ದುಡ್ಡು ಒಂದು ಮಳೆಗಾಲ ಕಳೆಯುವವರೆಗೆ ಇಟ್ಟುಕೊಳ್ಳಿ. ಒಪ್ಪದಿದ್ದರೆ ಬೇಡ ಅನ್ನಿ. ಮತ್ತೆ ಮನೆಯಲ್ಲಿ ವಯಸ್ಸಾದವರು ಕೋಲು ಹಿಡಿದು ತಟ್ಟಿದರೆ ಸುಮ್ನೆ ಕೇಳಿ.

ಈಗ ಪಿಕಪ್ ಆಚೆ ದಡದಲ್ಲೇ ನಿಲ್ಲುತ್ತದೆ, ಗೊಬ್ಬರದ ಚೀಲ ತಲೆ ಮೇಲೆ ಬರುತ್ತದೆ. ಇನ್ನೇನು ಅಡಿಕೆ ಗೊನೆ ಕೊಯ್ಲು ಬಂತು. ಇಂಥ ಕೆಲಸ ನಿಜವಾಗಿ ಗೊತ್ತಿರುವ ಮೇಸ್ತ್ರಿ ಯಾರಾದರೂ ಇದ್ದರೆ ತಿಳಿಸಿ. ಫೋಟೋ ಕಳಿಸುವವರು ಬೇಡ.