ಹೊರಟುಹೋದ ಹಕ್ಕಿಯನ್ನು ಬರೆದಿಡುವುದು ಹೇಗೆ: ಅಳಿವೆಯಲ್ಲಿ ನಾಲ್ಕು ವಿಧಾನಗಳ ಹೋಲಿಕೆ

ವಲಸೆ ಹಕ್ಕಿ ಬಂದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ಹೋದದ್ದು ಬೀಳುವುದಿಲ್ಲ. ಆಗಸ್ಟ್–ಸೆಪ್ಟೆಂಬರಿನಲ್ಲಿ ಮೊದಲ ಸ್ಯಾಂಡ್ ಪ್ಲೋವರ್ (ತೀರಕ್ಕೆ ಬರುವ ಒಂದು ಸಣ್ಣ ವಲಸೆ ಹಕ್ಕಿ) ಕಂಡ ದಿನವನ್ನು ಬರೆದಿಡಲು ಒಂದೇ ಸಾಲು ಸಾಕು. ಏಪ್ರಿಲ್–ಮೇ ತಿಂಗಳಲ್ಲಿ ಅದು ಹೊರಟ ದಿನ ತಿಳಿಯಬೇಕಾದರೆ ಕಾಣದ ದಿನಗಳನ್ನೂ ಬರೆದಿರಬೇಕು. ಏಪ್ರಿಲ್ 28ಕ್ಕೆ ಕಂಡಿತು, ಮುಂದಿನ ಭೇಟಿ ಮೇ 10ಕ್ಕೆ, ಆಗ ಇಲ್ಲ ಎಂದರೆ ನಮಗೆ ಸಿಕ್ಕಿದ್ದು ಹನ್ನೆರಡು ದಿನಗಳ ಅಂದಾಜು ಮಾತ್ರ. ಏಪ್ರಿಲ್ 28ಕ್ಕೆ ಇದ್ದು, 30ಕ್ಕೆ, ಮೇ 2ಕ್ಕೆ, 4ಕ್ಕೆ ಪೂರ್ತಿ ಪಟ್ಟಿ (ಗುರುತಿಸಿದ ಎಲ್ಲ ಹಕ್ಕಿಗಳ ಪಟ್ಟಿ) ಮಾಡಿಯೂ ಸೊನ್ನೆ ಬಂದಿದ್ದರೆ ಅಂತರ ಎರಡು ದಿನಕ್ಕೆ ಇಳಿಯುತ್ತದೆ. ವಸಂತದ ದಾಖಲೆಗೆ ಯಾವ ವಿಧಾನ ಒಳ್ಳೆಯದು ಎಂಬ ಪ್ರಶ್ನೆಯನ್ನು ನಾವು ಅಳೆದದ್ದು ಮುಖ್ಯವಾಗಿ ಈ ಸೊನ್ನೆಯಿಂದಲೇ.

ಹೋಲಿಸಿದ್ದು ನಾಲ್ಕನ್ನು: ಕಿಸೆ ಪುಸ್ತಕ ಮತ್ತು ಪೆನ್ಸಿಲ್, ಹಕ್ಕಿಗಳ ಪಟ್ಟಿ ಮಾಡುವ ಮೊಬೈಲಿನ ಇ-ಬರ್ಡ್ ಆ್ಯಪ್, ಧ್ವನಿಮುದ್ರಣ, ಎಲ್ಲ ಜೀವಿಗಳ ಫೋಟೋ ಏರಿಸುವ ಐನ್ಯಾಚುರಲಿಸ್ಟ್ ಆ್ಯಪ್. ಜಾಗಗಳು ಕುಮಟಾ ಬಳಿಯ ಅಘನಾಶಿನಿ ಅಳಿವೆ (2024ರಿಂದ ರಾಮ್ಸರ್ ತಾಣ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ), ಕುಂದಾಪುರದ ಕೋಡಿ ಮತ್ತು ಮಂಗಳೂರಿನ ಬೆಂಗ್ರೆ.

ವಿಧಾನ ಯಾವುದೇ ಇರಲಿ, ಹೊತ್ತು ತಪ್ಪಿದರೆ ಎಲ್ಲವೂ ಒಂದೇ. ಇಳಿತದಲ್ಲಿ ಹಕ್ಕಿಗಳು ಕೆಸರಿನ ಬಯಲಿಗೆಲ್ಲ ಹರಡಿ ಅರ್ಧ ಕಿಲೋಮೀಟರ್ ಆಚೆ ಚುಕ್ಕೆಗಳಾಗಿರುತ್ತವೆ. ಭರತ (ಉಬ್ಬರ) ತುಂಬುವ ಎರಡು ಗಂಟೆ ಮೊದಲು ನಿಂತುಕೊಂಡರೆ ನೀರೇ ಅವುಗಳನ್ನು ನಮ್ಮ ಕಡೆಗೆ ತಳ್ಳಿಕೊಂಡು ಬರುತ್ತದೆ. ಭರತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ, ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ನೀರು ತುಂಬುವ ದಿನಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. ಏಪ್ರಿಲ್‌ನಲ್ಲಿ ಒಂಬತ್ತೂವರೆ ದಾಟಿದರೆ ಮರಳಿನ ಮೇಲೆ ಬಿಸಿಗಾಳಿ ಕುಣಿಯುತ್ತದೆ, ಸ್ಕೋಪಿನಲ್ಲಿ (ಹಕ್ಕಿ ನೋಡುವ ದೂರದರ್ಶಕ) 30 ಪಟ್ಟು ಮೀರಿ ಹಿಗ್ಗಿಸಿದರೆ ಕೊಕ್ಕಿನ ಉದ್ದವೇ ತಿಳಿಯುವುದಿಲ್ಲ. ಅಘನಾಶಿನಿಯಲ್ಲಿ ನೀರು ಪೂರ್ತಿ ಏರಿದಾಗ ಹಕ್ಕಿಗಳು ಗಜನಿ ಗದ್ದೆಗಳ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳು) ಬದುಗಳಿಗೆ ಹಾರುತ್ತವೆ. ಅಳಿವೆಯಲ್ಲಿ ಎಣಿಸಿದ್ದನ್ನೇ ಗಜನಿಯಲ್ಲಿ ಮತ್ತೆ ಎಣಿಸುವ ತಪ್ಪು ಆಗುವುದು ಇಲ್ಲೇ.

ಪುಸ್ತಕ, ಪೆನ್ಸಿಲ್

ಕಡಲ ತೇವಕ್ಕೆ ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಬಾಲ್ ಪೆನ್ನು ತೇವದ ಹಾಳೆಯ ಮೇಲೆ ಅಲ್ಲಲ್ಲಿ ಮೂಡುವುದೇ ಇಲ್ಲ. 2ಬಿ ಪೆನ್ಸಿಲ್ ಯಾವತ್ತೂ ಕೈಕೊಡುವುದಿಲ್ಲ. ಅಂಗೈಯಷ್ಟು ಅಗಲದ ಗಟ್ಟಿ ರಟ್ಟಿನ ಪುಸ್ತಕ, ಹಾಳೆ ಹಾರದಂತೆ ಒಂದು ರಬ್ಬರ್ ಬ್ಯಾಂಡ್. ಪುಟದ ತಲೆಯಲ್ಲಿ ದಿನಾಂಕ, ಜಾಗ, ಶುರುವಾದ ಹೊತ್ತು, ಭರತದ ಹೊತ್ತು, ಗಾಳಿಯ ದಿಕ್ಕು. ಮುಗಿದ ಹೊತ್ತನ್ನು ಕೊನೆಯಲ್ಲಿ ಬರೆಯಲು ಮರೆಯುವವರೇ ಜಾಸ್ತಿ, ಅದಿಲ್ಲದೆ ಎಷ್ಟು ಹೊತ್ತಿನ ಎಣಿಕೆ ಎಂದು ಯಾರಿಗೂ ತಿಳಿಯುವುದಿಲ್ಲ.

ಸಾಲುಗಳು ಹೀಗಿದ್ದರೆ ಸಾಕು (ಟರ್ನ್, ಗಲ್ ಎರಡೂ ಕಡಲ ಹಕ್ಕಿಗಳು):

7.12 – ಲೆಸ್ಸರ್ ಕ್ರೆಸ್ಟೆಡ್ ಟರ್ನ್ 35, ಉತ್ತರಕ್ಕೆ, ನೀರಿನ ಮೇಲೆ ತಗ್ಗಿ
7.20 – ಬ್ರೌನ್ ಹೆಡೆಡ್ ಗಲ್ 50 ನೋಡಿದ್ದು: ಟೋಪಿ 0–4, 1–8, 2–38
7.31 – ದೊಡ್ಡ ಪ್ಲೋವರ್? ಕೊಕ್ಕು ಉದ್ದ, ಕಾಲು ಹಸಿರು-ಹಳದಿ. 3

ಎರಡನೇ ಸಾಲಿನ 0, 1, 2 ಎಂದರೆ ಸಂತಾನಋತುವಿನ ಬಣ್ಣ ಏನೂ ಇಲ್ಲ, ಅರ್ಧ, ಪೂರ್ತಿ; ಗೆರೆಯ ಆಚೆಗಿನದು ಹಕ್ಕಿಗಳ ಸಂಖ್ಯೆ. ಪುಸ್ತಕದ ದೊಡ್ಡ ಶಕ್ತಿ ಇದೇ. ಗಲ್‌ಗಳ ತಲೆಗೆ ಫೆಬ್ರವರಿ–ಮಾರ್ಚ್‌ನಲ್ಲಿ ಕಂದು ಟೋಪಿ ಬರುತ್ತದೆ, ಸ್ಯಾಂಡ್ ಪ್ಲೋವರ್‌ಗಳ ಎದೆ ಏಪ್ರಿಲ್ ಹೊತ್ತಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಏಪ್ರಿಲ್ ಕೊನೆಯಲ್ಲೂ ಬೂದುಬಣ್ಣದಲ್ಲೇ ಇರುವ ಹಕ್ಕಿಗಳಲ್ಲಿ ಹೆಚ್ಚಿನವು ಹಿಂದಿನ ವರ್ಷ ಹುಟ್ಟಿದ ಮರಿಗಳು. ಅವುಗಳಲ್ಲಿ ಕೆಲವು ಹೊರಡುವುದೇ ಇಲ್ಲ. ಬಣ್ಣ ಬರೆಯದಿದ್ದರೆ ಈ ಉಳಿದವನ್ನು ತಡವಾಗಿ ಹೊರಡುವ ಹಕ್ಕಿ ಎಂದು ಎಣಿಸಿ, ಇಡೀ ವಲಸೆ ಎರಡು ವಾರ ಹಿಂದೆ ಬಿದ್ದಂತೆ ತೋರುತ್ತದೆ.

ಪುಸ್ತಕದ ಸೋಲು ಮನೆಗೆ ಬಂದ ಮೇಲೆ. ಅದೇ ರಾತ್ರಿ ಬೇರೆಡೆ ಏರಿಸದಿದ್ದರೆ ಒಂದು ವಾರದಲ್ಲಿ ‘ಗ್ರೇ’ ಎಂದರೆ ಗ್ರೇಟರ್ ಸ್ಯಾಂಡ್ ಪ್ಲೋವರೋ ಗ್ರೇ ಪ್ಲೋವರೋ ಬರೆದವರಿಗೇ ತಿಳಿಯುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ಲೆಸ್ಸರ್ ಸ್ಯಾಂಡ್ ಪ್ಲೋವರ್ ಎಂದು ಬರೆದದ್ದು ಈಗ ಎರಡು ಪ್ರಭೇದವಾಗಿದೆ, ನಮ್ಮ ತೀರಕ್ಕೆ ಸಾಮಾನ್ಯವಾಗಿ ಬರುವುದು ಟಿಬೆಟನ್. ಹೆಸರಿನ ಜೊತೆಗೆ ಕಂಡ ಲಕ್ಷಣವನ್ನೂ ಬರೆದಿದ್ದರೆ ಇಂಥ ಬದಲಾವಣೆಯಿಂದ ನಷ್ಟವಿಲ್ಲ.

ಇ-ಬರ್ಡ್

ಸೊನ್ನೆಯನ್ನು ನಿಜವಾಗಿ ಉಳಿಸಿಕೊಡುವುದು ಇದೊಂದೇ. ಪಟ್ಟಿ ಮುಗಿಸುವಾಗ ‘ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ’ ಎಂಬ ಅರ್ಥದ ಪ್ರಶ್ನೆ ಬರುತ್ತದೆ. ಅದಕ್ಕೆ ಹೌದು ಎಂದರೆ, ಪಟ್ಟಿಯಲ್ಲಿ ಇಲ್ಲದ ಪ್ರತಿ ಪ್ರಭೇದವೂ ಆ ದಿನ ಆ ಜಾಗದಲ್ಲಿ ಕಾಣಲಿಲ್ಲ ಎಂಬ ದಾಖಲೆಯಾಗುತ್ತದೆ. 2007ರಲ್ಲಿ ಶುರುವಾದ ಮೈಗ್ರಂಟ್‌ವಾಚ್ ಎಂಬ ವಲಸೆ ದಾಖಲೆಯ ಯೋಜನೆ ಭಾರತದಲ್ಲಿ ಮೊದಲು ಕೇಳಿದ್ದು ವಲಸೆ ಹಕ್ಕಿ ಮೊದಲು ಕಂಡ ದಿನವನ್ನು. ಮೊದಲ ದಿನ, ಕೊನೆಯ ದಿನ ಎಂಬ ಲೆಕ್ಕದ ತೊಡಕು ಏನೆಂದರೆ, ನೋಡುವವರು ಹೆಚ್ಚಾದಷ್ಟೂ ಹಕ್ಕಿ ಬೇಗ ಬಂದಂತೆ, ತಡವಾಗಿ ಹೋದಂತೆ ಕಾಣುತ್ತದೆ. ಪೂರ್ತಿ ಪಟ್ಟಿಗಳಿದ್ದರೆ ನೂರರಲ್ಲಿ ಎಷ್ಟು ಪಟ್ಟಿಗಳಲ್ಲಿ ಆ ಹಕ್ಕಿ ಇದೆ ಎಂದು ನೋಡಬಹುದು, ನೋಡುವವರ ಸಂಖ್ಯೆ ಏರಿದರೂ ಲೆಕ್ಕ ಹೆಚ್ಚು ಅಲುಗಾಡುವುದಿಲ್ಲ.

ಬಳಸುವ ಕ್ರಮ: ಮನೆಯಲ್ಲೇ ನಿಮ್ಮ ಪ್ರದೇಶದ ಹಕ್ಕಿಗಳ ಪ್ಯಾಕ್ ಇಳಿಸಿಕೊಳ್ಳಿ, ಮರಳದಿಬ್ಬದ ತುದಿಯಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಒಂದೇ ಕಡೆ ನಿಂತು ಸಮುದ್ರ ನೋಡುವುದಾದರೆ ‘ಸ್ಟೇಶನರಿ’ ಆಯ್ಕೆ ಮಾಡಿ, 30 ಮೀಟರಿಗಿಂತ ಆಚೆ ಹೋಗಬೇಡಿ. ನಡೆಯುವುದಾದರೆ ‘ಟ್ರಾವೆಲಿಂಗ್’, ಒಂದೆರಡು ಕಿಲೋಮೀಟರಿಗೆ ಒಂದು ಪಟ್ಟಿ. ಹಾಟ್‌ಸ್ಪಾಟ್ (ಆ್ಯಪ್‌ನಲ್ಲಿ ಎಲ್ಲರೂ ಬಳಸುವ, ಮೊದಲೇ ಹೆಸರಿಟ್ಟ ಜಾಗ) ಇದ್ದರೆ ಅದನ್ನೇ ಆರಿಸಿ, ಸ್ವಂತ ಹೆಸರು ಕೊಟ್ಟರೆ ಒಂದೇ ಕೋಡಿ ಹತ್ತು ಜಾಗಗಳಾಗಿ ಒಡೆದುಹೋಗುತ್ತದೆ. ಹೆಸರು ಬರೆಯುವ ಜಾಗದಲ್ಲಿ ಅಂಕೆ ಮೊದಲು ಬರೆದು, ಜಾಗ ಬಿಟ್ಟು ಹೆಸರಿನ ಮೊದಲ ಅಕ್ಷರಗಳನ್ನು ಒತ್ತಿದರೆ ಎಣಿಕೆಯೂ ಸೇರಿಕೊಳ್ಳುತ್ತದೆ. ಅದೇ ಹಕ್ಕಿ ಮತ್ತೆ ಬಂದಾಗ ಹೊಸ ಅಂಕೆ ಹಳೆಯದಕ್ಕೆ ಕೂಡುತ್ತದೆ. ಎಣಿಸದೆ ‘ಎಕ್ಸ್’ ಹಾಕುವುದು ವಸಂತದಲ್ಲಂತೂ ಬೇಡ. 400 ಇದ್ದದ್ದು 12ಕ್ಕೆ ಇಳಿಯುವುದೇ ವಲಸೆ, ‘ಎಕ್ಸ್’ನಲ್ಲಿ ಎರಡೂ ಒಂದೇ ಆಗಿಬಿಡುತ್ತದೆ. ಗುರುತು ಗಟ್ಟಿಯಿಲ್ಲದಿದ್ದರೆ ‘ಟಿಬೆಟನ್/ಗ್ರೇಟರ್ ಸ್ಯಾಂಡ್ ಪ್ಲೋವರ್’ ಅಥವಾ ಬರೀ ‘ಟರ್ನ್’ ಎಂದು ಹಾಕುವ ಅವಕಾಶವಿದೆ. ಊಹೆಗಿಂತ ಅದು ಎಷ್ಟೋ ಮೇಲು.

ಎಲ್ಲಿ ಕೆಡುತ್ತದೆ? ಹೆಸರಿನ ಪಕ್ಕದ ಅಂಕೆಗೆ ಬೆರಳು ತಾಗಿದರೆ ಒಂದು ಕೂಡುತ್ತದೆ. ಬೆವರಿದ, ಉಪ್ಪು ಮೆತ್ತಿದ ಬೆರಳಿಗೆ 40 ಎಂಬುದು ಗೊತ್ತಿಲ್ಲದೆ 41, 42 ಆಗುತ್ತದೆ, ಆದ್ದರಿಂದ ಕಳಿಸುವ ಮುನ್ನ ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ಓದಲೇಬೇಕು. ಪಟ್ಟಿ ನಿಲ್ಲಿಸಲು ಮರೆತು ಬೈಕ್ ಹತ್ತಿದರೆ ಹೆದ್ದಾರಿಯ ದೂರವೂ ನಡಿಗೆಯ ಲೆಕ್ಕಕ್ಕೆ ಸೇರುತ್ತದೆ. ಕಂಡ ಕೂಡಲೇ ದೂರವನ್ನೂ ಅವಧಿಯನ್ನೂ ಕೈಯಾರೆ ತಿದ್ದಿ. ಇವೆಲ್ಲಕ್ಕಿಂತ ದೊಡ್ಡ ನಷ್ಟ ಕಣ್ಣಿನದು. ಟರ್ನ್‌ಗಳ ಸಾಲು ಹಾದುಹೋಗಲು ಬೇಕಾದದ್ದು ಹದಿನೈದು ಸೆಕೆಂಡು, ಬಿಸಿಲಲ್ಲಿ ಪರದೆಗೆ ಕೈ ಅಡ್ಡ ಹಿಡಿದು ಹೆಸರು ಹುಡುಕುವಷ್ಟರಲ್ಲಿ ಇನ್ನೊಂದು ಸಾಲು ಹೋಗಿರುತ್ತದೆ. ದಿಕ್ಕು, ಭರತ, ಬಣ್ಣ ಇವಕ್ಕೆ ಟಿಪ್ಪಣಿಯ ಜಾಗವೇ ಗತಿ.

ಧ್ವನಿಮುದ್ರಣ

ಕಣ್ಣು ಸ್ಕೋಪಿನಿಂದ ತೆಗೆಯದೆ ದಾಖಲಿಸಲು ಇದಕ್ಕೆ ಸಾಟಿಯಿಲ್ಲ. ಸಮುದ್ರದ ಮೇಲೆ ಹಾರಿಹೋಗುವ ಹಕ್ಕಿಗಳಿಗೆ ನಮ್ಮ ಮೊದಲ ಆಯ್ಕೆ ಇದು. ಫೋನಿನ ರೆಕಾರ್ಡರ್ ಸಾಕು. ಅಂಗಿಯ ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕ್, ಅದಕ್ಕೆ ಸ್ಪಂಜಿನ ಟೋಪಿ ಇದ್ದರೆ ಗಾಳಿಯ ಸದ್ದು ಬಹುಪಾಲು ಅಡಗುತ್ತದೆ. ಕಡತದಲ್ಲಿ ಶುರುವಾದ ಹೊತ್ತು ಮಾತ್ರ ಇರುವುದರಿಂದ ಐದೈದು ನಿಮಿಷಕ್ಕೊಮ್ಮೆ ಗಡಿಯಾರದ ಹೊತ್ತನ್ನು ಬಾಯಲ್ಲೇ ಹೇಳಬೇಕು. ಆಮೇಲೆ ಸಂಖ್ಯೆ, ಹೆಸರು, ದಿಕ್ಕು, ಯಾವಾಗಲೂ ಅದೇ ಕ್ರಮದಲ್ಲಿ. ತಪ್ಪಿದರೆ ‘ರದ್ದು’ ಎಂದು ಹೇಳಿ ಮತ್ತೆ ಹೇಳಿ.

ಕನ್ನಡದಲ್ಲಿ ಎಣಿಸುವವರು ಒಂದು ಅಪಾಯವನ್ನು ನೆನಪಿಡಬೇಕು. ಮೂವತ್ತು, ನಲವತ್ತು, ಐವತ್ತು, ಅರವತ್ತು ಎಲ್ಲದರ ಬಾಲವೂ ‘ವತ್ತು’. ಗಾಳಿ ಮೊದಲ ಅಕ್ಷರವನ್ನು ನುಂಗಿದರೆ ಮುದ್ರಣದಲ್ಲಿ ಉಳಿಯುವುದು ‘...ವತ್ತು ಟರ್ನ್’ ಮಾತ್ರ, ಅದು ಯಾವುದೂ ಆಗಿರಬಹುದು. ‘ಆರು ಸೊನ್ನೆ’, ‘ಮೂರು ಐದು’ ಎಂದು ಅಂಕೆ ಬಿಡಿಸಿ ಹೇಳಿದರೆ ಈ ಗೊಂದಲವಿಲ್ಲ.

ಒಂದು ಗಂಟೆಯ ಮುದ್ರಣವನ್ನು ಬರಹಕ್ಕಿಳಿಸಲು ಒಂದು ಗಂಟೆಗಿಂತ ಹೆಚ್ಚೇ ಹಿಡಿಯುತ್ತದೆ. ಆದ್ದರಿಂದ ಹಕ್ಕಿ ಹಾರುವಾಗ ಮಾತ್ರ ಮುದ್ರಿಸಿ, ನಡುವೆ ನಿಲ್ಲಿಸಿ. ಮಾತನ್ನು ತಾನಾಗಿ ಬರಹ ಮಾಡುವ ಸೌಲಭ್ಯಕ್ಕೆ ಹಕ್ಕಿಗಳ ಹೆಸರು ಬರುವುದಿಲ್ಲ, ಅದನ್ನು ನೆಚ್ಚಬೇಡಿ. ಕೈರಂಪಣಿ ಬಲೆ ಎಳೆಯುವಲ್ಲಿ ಗಲ್‌ಗಳು ಸೇರುತ್ತವೆ ಎಂದು ಅಲ್ಲಿ ನಿಂತರೆ ಸುತ್ತಲಿನವರ ಮಾತೂ ಮುದ್ರಣವಾಗುತ್ತದೆ. ಬರೆದುಕೊಂಡ ಮೇಲೆ ಕಡತ ಅಳಿಸುವುದು ಸರಿಯಾದ ನಡತೆ.

ಐನ್ಯಾಚುರಲಿಸ್ಟ್

ವಲಸೆಯ ಎಣಿಕೆಗೆ ಇದು ಬೇಡ. ಒಂದು ನಮೂದಿಗೆ ಒಂದು ಪ್ರಭೇದ, ಕಾಣದಿದ್ದದ್ದಕ್ಕೆ ಜಾಗವಿಲ್ಲ. ಆದರೆ ತೀರದಲ್ಲಿ ಹಕ್ಕಿಯಲ್ಲದ ಎಲ್ಲಕ್ಕೂ ಇದೇ ಸರಿಯಾದ ಜಾಗ: ಕಡಲಾಮೆ, ಡಾಲ್ಫಿನ್, ನೀರುನಾಯಿ, ಕಡಲ ಹಾವು, ದಡಕ್ಕೆ ಬಿದ್ದ ಅಂಬಲಿ ಮೀನು. ಇ-ಬರ್ಡ್ ಟಿಪ್ಪಣಿಯಲ್ಲಿ ‘ನಾಲ್ಕು ಡಾಲ್ಫಿನ್ ಕಂಡವು’ ಎಂದು ಬರೆದರೆ ಅದನ್ನು ಮುಂದೆ ಯಾರೂ ಹುಡುಕಿ ತೆಗೆಯಲಾರರು.

ಇಲ್ಲಿ ಕೆಲಸವೆಲ್ಲ ಫೋಟೋದ್ದು. ಸತ್ತ ಆಮೆಯಾದರೆ ಬೆನ್ನುಚಿಪ್ಪನ್ನು ನೇರ ಮೇಲಿಂದ ತೆಗೆಯಿರಿ. ಚಿಪ್ಪಿನ ನಡುಸಾಲಿನ ಎರಡೂ ಬದಿಯಲ್ಲಿರುವ ಫಲಕಗಳು ನಾಲ್ಕು ಜೊತೆಯಿದ್ದು, ಮೂಗಿನ ಮೇಲೆ ಕಣ್ಣುಗಳ ನಡುವೆ ಒಂದೇ ಜೊತೆ ಹುರುಪೆ ಇದ್ದರೆ ಹಸಿರಾಮೆ. ಫಲಕಗಳು ಸಾಮಾನ್ಯವಾಗಿ ಆರು ಜೊತೆ ಅಥವಾ ಹೆಚ್ಚು, ಹುರುಪೆ ಎರಡು ಜೊತೆ ಇದ್ದರೆ ಆಲಿವ್ ರಿಡ್ಲೆ. ಹಾಗಾಗಿ ತಲೆಯ ಫೋಟೋ ಬೇರೆಯಾಗಿಯೇ ಬೇಕು. ಅಳತೆಗೆ ಪಕ್ಕದಲ್ಲಿ ಪೆನ್ಸಿಲ್ ಇಡಿ, ಟೇಪ್ ಇದ್ದರೆ ಚಿಪ್ಪಿನ ಬಾಗಿಗೆ ಒತ್ತಿ ಹಿಡಿದು ಉದ್ದ ಅಳೆಯಿರಿ. ಬರೀ ಹೆಜ್ಜೆಗುರುತು ಸಿಕ್ಕರೆ, ಎಡ-ಬಲ ಹೆಜ್ಜೆಗಳು ಒಂದರ ನಂತರ ಒಂದು ಓರೆಯಾಗಿ ಬಿದ್ದಿದ್ದರೆ ರಿಡ್ಲೆ, ಜೋಡಿಯಾಗಿ ಎದುರುಬದುರು ಬಿದ್ದಿದ್ದರೆ ಹಸಿರಾಮೆ. ಡಾಲ್ಫಿನ್‌ಗೆ ಬೆನ್ನಿನ ರೆಕ್ಕೆ ಪಕ್ಕದಿಂದ ಕಾಣಬೇಕು. ರೆಕ್ಕೆಯ ಬುಡದಲ್ಲಿ ಗೂನು ಇದ್ದರೆ ಹಂಪ್‌ಬ್ಯಾಕ್, ರೆಕ್ಕೆಯೇ ಇಲ್ಲದಿದ್ದರೆ ಫಿನ್‌ಲೆಸ್ ಪಾರ್ಪಾಯಿಸ್.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋಗೆ ತೆಗೆದ ದಿನವೂ ಜಾಗವೂ ಇರುವುದಿಲ್ಲ, ಹಾಗೇ ಏರಿಸಿದರೆ ಮಲ್ಪೆಯ ಆಮೆ ಇನ್ನೆಲ್ಲೋ ಸೇರುತ್ತದೆ. ಮೂಲ ಕಡತವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಅಳಿವಿನಂಚಿನ ಪ್ರಭೇದಗಳ ಜಾಗವನ್ನು ಆ್ಯಪ್ ತಾನೇ ಮಸುಕು ಮಾಡುತ್ತದೆ, ನಿಜವಾದ ಬಿಂದು ಸುಮಾರು 22 ಕಿ.ಮೀ. ಬದಿಯ ಚೌಕದೊಳಗೆ ಅಡಗುತ್ತದೆ. ಆಮೆಯ ಗೂಡಿನ ವಿಚಾರದಲ್ಲಿ ಅಷ್ಟಕ್ಕೇ ಬಿಡದೆ ಜಾಗವನ್ನು ಖಾಸಗಿ ಮಾಡಿ, ಮೊದಲು ಅರಣ್ಯ ಇಲಾಖೆಗೆ ತಿಳಿಸಿ, ಆಮೇಲೆ ಏರಿಸಿ.

ಯಾವುದು, ಯಾವಾಗ

ಒಬ್ಬರೇ ಇದ್ದರೆ ತೀರದಲ್ಲಿ ಪುಸ್ತಕ, ರಾತ್ರಿ ಇ-ಬರ್ಡ್. ಹೊತ್ತು ಮತ್ತು ದೂರದ ಲೆಕ್ಕಕ್ಕಾಗಿ ಆ್ಯಪ್‌ನಲ್ಲಿ ಪಟ್ಟಿಯನ್ನು ಬೆಳಿಗ್ಗೆಯೇ ಶುರುಮಾಡಿ ಫೋನ್ ಕಿಸೆಗೆ ಹಾಕಿಬಿಡಿ, ಸಂಖ್ಯೆಗಳನ್ನು ಆಮೇಲೆ ತುಂಬಿ. ಇಬ್ಬರಿದ್ದರೆ ಒಬ್ಬರು ಸ್ಕೋಪಿನಲ್ಲಿ ನೋಡಿ ಹೇಳುವುದು, ಇನ್ನೊಬ್ಬರು ಬರೆಯುವುದು. ಆಗ ಧ್ವನಿಮುದ್ರಣ ಬೇಕಾಗುವುದಿಲ್ಲ. ಸಮುದ್ರದ ಮೇಲೆ ಹಕ್ಕಿಗಳ ಹಾರಾಟ ಜೋರಾಗಿರುವ ಬೆಳಿಗ್ಗೆ ಒಬ್ಬರೇ ಸಿಕ್ಕಿಬಿದ್ದರೆ ಮಾತ್ರ ಮೈಕ್ ಹೊರತೆಗೆಯಿರಿ. ಸಾವಿರಕ್ಕೂ ಮೀರಿದ ಗುಂಪು ಮರಳದಿಬ್ಬದ ಮೇಲೆ ಕೂತಿದ್ದರೆ ಮೊದಲು ಇಡೀ ಗುಂಪಿನ ಸಂಖ್ಯೆ: ಐವತ್ತು ಹಕ್ಕಿ ಎಣಿಸಿ, ಅವು ಹಿಡಿದ ಜಾಗವನ್ನು ಕಣ್ಣಲ್ಲಿ ಹಿಡಿದು, ಅಂಥವು ಎಷ್ಟು ಎಂದು ಗುಣಿಸಿ. ಆಮೇಲೆ ಗುಂಪಿನ ಬೇರೆ ಬೇರೆ ಕಡೆಯಿಂದ ನೂರು ಹಕ್ಕಿ ಆರಿಸಿ ಪ್ರಭೇದ, ಬಣ್ಣ ಬರೆಯಿರಿ. ಅಂಚಿನಿಂದಲೇ ನೂರು ಆರಿಸಿದರೆ ಸಣ್ಣ ಹಕ್ಕಿಗಳ ಪಾಲು ತಪ್ಪಾಗುತ್ತದೆ, ಒಂದೊಂದು ಜಾತಿ ಗುಂಪಿನಲ್ಲಿ ತನ್ನದೇ ಮೂಲೆ ಹಿಡಿದು ಕೂರುತ್ತದೆ.

ಮೇ ಎರಡನೇ ವಾರದ ನಂತರ ಎಣಿಸಲು ಹೆಚ್ಚೇನೂ ಉಳಿದಿರುವುದಿಲ್ಲ, ಹಾಗಾಗಿ ಹೆಚ್ಚಿನವರು ಪಟ್ಟಿ ಮಾಡುವುದನ್ನೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಎರಡು ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆಯ ಒಂದು ಪೂರ್ತಿ ಪಟ್ಟಿ ಮಾಡಿ, ಬೂದುಬಣ್ಣದಲ್ಲೇ ಉಳಿದ ಪ್ಲೋವರ್‌ಗಳನ್ನೂ ಕರ್ಲ್ಯೂಗಳನ್ನೂ (ಉದ್ದ ಬಾಗಿದ ಕೊಕ್ಕಿನ ತೀರದ ಹಕ್ಕಿ) ಎಣಿಸಿಡಿ. ಆಗಸ್ಟಿನಲ್ಲಿ ಅದೇ ಮರಳಿನ ಮೇಲೆ ಹನ್ನೆರಡರ ಬದಲು ಮೂವತ್ತು ಕಂಡಾಗ, ಹದಿನೆಂಟು ಹೊಸದಾಗಿ ಬಂದವು ಎಂದು ಹೇಳಲು ಆ ಪಟ್ಟಿ ಬೇಕಾಗುತ್ತದೆ.