ಹಳೇ ಕ್ಯಾಸಿಯೋ ಕಟ್ಟಿಕೊಂಡು ಎಂಟು ತಿಂಗಳ ಓಟ

ಕ್ಯಾಸಿಯೋ ಎಫ್-91ಡಬ್ಲ್ಯೂ. 1989ರಲ್ಲಿ ಬಂದ ವಾಚು, ತೂಕ 21 ಗ್ರಾಂ. ಎಷ್ಟು ದೂರ ಓಡಿದಿರಿ ಅಂತ ಇದು ಹೇಳುವುದಿಲ್ಲ, ಎದೆ ಬಡಿತ ಲೆಕ್ಕ ಹಾಕುವುದಿಲ್ಲ. ಟೈಮು, ತಾರೀಖು, ಅಲಾರಂ, ಸ್ಟಾಪ್‌ವಾಚ್ ಇವೆ, ಅಷ್ಟೇ. ಬಳ್ಳಾರಿಯ ಬೆಂಗಳೂರು ರಸ್ತೆಯ ಗಡಿಯಾರದ ಅಂಗಡಿಯಲ್ಲಿ ಸಾವಿರ ಚಿಲ್ಲರೆ ಕೊಟ್ಟು ತಗೊಂಡೆ. "ಓಡೋಕೆ ಅಂದ್ರೆ ಜಿಪಿಎಸ್ ಇರೋದು ತೋರಿಸ್ಲಾ ಮೇಡಂ?" ಅಂದ ಅಂಗಡಿಯ ಹುಡುಗ. ಬೇಡ ಅಂದೆ. ಅಂಥದ್ದು ಮನೆಯ ಬೀರುವಿನಲ್ಲಿ ಇತ್ತು.

ದೂರ, ವೇಗ ತೋರಿಸುವ ಆ ಜಿಪಿಎಸ್ ವಾಚು ಕಟ್ಟಿಕೊಳ್ಳುತ್ತಿದ್ದಾಗ ಕಿಲೋಮೀಟರಿಗೆ ಆರು ನಿಮಿಷ ಅನ್ನುವುದೇ ತಲೆಯಲ್ಲಿ ಕೂತಿತ್ತು. ಏಪ್ರಿಲ್‌ನಲ್ಲಿ ನಮ್ಮೂರಿನ ಗಾಳಿಯಲ್ಲಿ ಬೆಳಗ್ಗೆಯೇ ಝಳ ಇರುತ್ತದೆ. ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಅದೇ ವೇಗಕ್ಕೆ ಹೃದಯ ಜಾಸ್ತಿ ದುಡಿಯಬೇಕಾಗುತ್ತದೆ. ಅಂಥ ದಿನ ಏಳು ನಿಮಿಷ ಹಿಡಿದರೂ ಶ್ರಮ ಅಷ್ಟೇ. ಇದೆಲ್ಲ ಗೊತ್ತಿದ್ದೂ ಮಣಿಕಟ್ಟು ನೋಡಿಕೊಂಡೇ ಓಡಿದೆ. ಮೊಣಕಾಲಿನ ಕೆಳಗೆ ಮೂಳೆಯುದ್ದಕ್ಕೂ ನೋವು ಬಂತು. ಎರಡು ತಿಂಗಳು ಮನೆಯಲ್ಲಿ ಕೂತೆ.

ಈಗ ವೇಗ ಅಳೆಯುವುದು ಉಸಿರಿನಿಂದ. ನಾನು ಓಡುವುದು ತುಂಗಭದ್ರೆಯ ಎಚ್‌ಎಲ್‌ಸಿ, ಅಂದರೆ ಮೇಲ್ಮಟ್ಟದ ಕಾಲುವೆಯ ದಂಡೆ ಮೇಲೆ. ಅಲ್ಲಿ ಕುರಿ ಹೊಡೆದುಕೊಂಡು ಬರುವ ಅಜ್ಜ ಒಬ್ಬರು ಸಿಗುತ್ತಾರೆ. "ಆರಾಮಿದ್ದೀಯೇನವ್ವಾ?" ಅನ್ನುತ್ತಾರೆ. "ಆರಾಮ ಅಜ್ಜ, ಆ ಕರೀ ಕುರಿ ಮರಿ ಹಾಕ್ತಾ?" ಅಂತ ತಡವರಿಸದೆ ಕೇಳಲು ಬಂದರೆ ಓಟ ಹದವಾಗಿದೆ. ಬರೀ "ಹೂಂ" ಅಂತ ಬಂದರೆ ಜೋರಾಗಿದೆ. ಮೊದಲು ಸುಮ್ನೆ ಕೈ ಎತ್ತಿ ದಾಟಿ ಹೋಗುತ್ತಿದ್ದೆ. ಅವರ ಹತ್ತಿರ ಕರೀ ಕುರಿ ಇದೆ ಅಂತಲೂ ಗೊತ್ತಿರಲಿಲ್ಲ.

ಈ ವಾಚಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಗಂಟೆಗೊಮ್ಮೆ ಕೂಗುವ ಬೀಪ್. ಬೇಕಿದ್ದರೆ ಹಾಕಿಕೊಳ್ಳಬಹುದು, ಬೇಡದಿದ್ದರೆ ಬಿಡಬಹುದು. ಐದೂಕಾಲಿಗೆ ಹೊರಟರೆ ಆರು ಗಂಟೆಗೆ ದಂಡೆ ಮೇಲೇ ಅದು ಕೂಗುತ್ತದೆ. ಆಗ ಮೈ ಕಡೆ ಗಮನ ಕೊಡುತ್ತೇನೆ. ಹಲ್ಲು ಕಚ್ಚಿದ್ದೇನಾ? ಮುಷ್ಟಿ ಬಿಗಿದಿದ್ದೇನಾ? ಹೆಬ್ಬೆರಳನ್ನು ತೋರುಬೆರಳ ಮೇಲೆ ಹಗುರವಾಗಿ ಇಟ್ಟರೆ ಸಾಕು, ಭುಜ ತಾನಾಗಿ ಇಳಿಯುತ್ತದೆ. ಶಾಲೆಯಲ್ಲೂ ಅದೇ ಬೀಪ್. ಏಳನೇ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿರುವಾಗ ಹನ್ನೊಂದಕ್ಕೆ ಕೂಗುತ್ತದೆ. ಸೀಮೆಸುಣ್ಣ ಎಷ್ಟು ಬಿಗಿ ಹಿಡಿದಿದ್ದೆ ಅಂತ ಆಗ ಗೊತ್ತಾಗುತ್ತದೆ. ಬೋರ್ಡ್ ಒರೆಸಿ, ಹಿಂದಿನ ಬೆಂಚಿನ ಹುಡುಗಿಗಾಗಿ ಅದೇ ಲೆಕ್ಕ ಮೊದಲಿಂದ ಶುರು ಮಾಡುತ್ತೇನೆ.

ತಗೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಸ್ಟಾಪ್‌ವಾಚ್ 59 ನಿಮಿಷ 59 ಸೆಕೆಂಡಿನವರೆಗೆ ಮಾತ್ರ, ಆಮೇಲೆ ಮತ್ತೆ ಸೊನ್ನೆಯಿಂದ. 21 ಕಿಲೋಮೀಟರಿನ ಹಾಫ್ ಮ್ಯಾರಥಾನ್‌ಗೆ ಇಷ್ಟೇ ಹೊತ್ತು ಅಂತ ಗುರಿ ಇಟ್ಟುಕೊಂಡವರಿಗೆ ಇದು ಸಾಲದು. ದೀಪ ಸಣ್ಣದು. ಬೆವರು, ಮಳೆ ಹನಿ ತಡೆಯುತ್ತದೆ, ಈಜಿಗೆ ಬೇಡ. ಬ್ಯಾಟರಿ ಸುಮಾರು 7 ವರ್ಷ ಬರುತ್ತದೆ ಅನ್ನುತ್ತದೆ ಕಂಪನಿ. ಹೊಸದಾಗಿ ಓಡಲು ಶುರು ಮಾಡಿದವರಿಗೆ ಮತ್ತು ನನ್ನ ಹಾಗೆ ನೋವು ತಿಂದು ವಾಪಸ್ ಬರುತ್ತಿರುವವರಿಗೆ ಧೈರ್ಯವಾಗಿ ಹೇಳುತ್ತೇನೆ, ಇದನ್ನೇ ತಗೊಳ್ಳಿ.

ಕಳೆದ ಭಾನುವಾರ ಸ್ಟಾಪ್‌ವಾಚ್ ಯಾವಾಗ ಸೊನ್ನೆಗೆ ಬಂತೋ ನೋಡಲಿಲ್ಲ. ಕರೀ ಕುರಿ ಮರಿ ಹಾಕಿತ್ತು. ಅಜ್ಜ ಕಂಬಳಿ ಸರಿಸಿ ತೋರಿಸಿದರು. ಮರಿಯ ಕಿವಿ ಇನ್ನೂ ಒದ್ದೆ ಇತ್ತು.