ಮಲ್ಲಿಗೆ ಮೊಗ್ಗಿಗೂ ಮದುಮಗಳ ಮುಖಕ್ಕೂ ಒಂದೇ ಲೆನ್ಸ್ ಸಾಕೇ?

ಮ್ಯಾಕ್ರೋ ಲೆನ್ಸ್ (ಚಿಕ್ಕ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ದೊಡ್ಡದಾಗಿ ಕಾಣುತ್ತೆ?’ ಅಂತ. ‘ಎಷ್ಟು ದೂರದಿಂದ?’ ಅಂತ ಕೇಳುವವರು ಕಡಿಮೆ. ದೊಡ್ಡದು ಮಾಡಿ ತೋರಿಸಲು ಅಗ್ಗದ ದಾರಿ ಬೇಕಾದಷ್ಟಿವೆ. ಲೆನ್ಸಿನ ಮೂತಿಗೂ ಹುಳುವಿಗೂ ನಡುವೆ ಮುಕ್ಕಾಲು ಗೇಣು ಜಾಗ ಉಳಿಯುತ್ತದಲ್ಲ, ದುಬಾರಿ ಲೆನ್ಸಿಗೆ ಹೆಚ್ಚು ಹಣ ಕೊಡುವುದೇ ಅದಕ್ಕೆ.

ಇಲ್ಲಿ ಹೋಲಿಸಿರುವುದು ಮೂರು ಜೋಡಣೆ. ಮೂರನ್ನೂ ಕ್ಯಾನನ್‌ನ ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾ ಬಾಡಿಗೇ ಹಾಕಿ ನೋಡಿದ್ದು: 50 ಎಂಎಂ ಎಫ್/1.8 ಎಸ್‌ಟಿಎಂ ಹಿಂದೆ 12, 20, 36 ಎಂಎಂ ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಬಾಡಿಗೂ ನಡುವೆ ಹಾಕುವ ಟೊಳ್ಳು ಕೊಳವೆ). 55-250 ಜೂಮ್ ಮುಂದೆ ರೇನಾಕ್ಸ್ ಡಿಸಿಆರ್-250 ಎಂಬ ಹಿಗ್ಗಿಸುವ ಗಾಜು. ಮತ್ತು ಇಎಫ್ 100 ಎಂಎಂ ಎಫ್/2.8 ಎಲ್ ಮ್ಯಾಕ್ರೋ. ಲೆನ್ಸನ್ನು ತಿರುಗಿಸಿ ಹಾಕುವ ರಿವರ್ಸ್ ರಿಂಗ್ ಪಟ್ಟಿಯಲ್ಲಿಲ್ಲ. ಅಪರ್ಚರ್ (ಬೆಳಕು ಒಳಬರುವ ರಂಧ್ರ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಚಿಕ್ಕದು) ಬದಲಿಸಬೇಕೆಂದಾಗಲೆಲ್ಲ ಲೆನ್ಸ್ ಬಿಚ್ಚಿ ಹಾಕುವ ಆ ಕೆಲಸ ಭಾನುವಾರದ ಆಟಕ್ಕೆ ಸರಿ, ಅಷ್ಟೇ.

ಯಾವ ಜೋಡಣೆ ಎಷ್ಟು ಹಿಗ್ಗಿಸುತ್ತದೆ ಎಂದು ತಿಳಿಯಲು ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಸಾಕು. ಅಡ್ಡಲಾಗಿ ಎಷ್ಟು ಮಿಲಿಮೀಟರ್ ಗೆರೆ ಫ್ರೇಮಿನಲ್ಲಿ ಬಂತು ನೋಡಿ, ಸೆನ್ಸರ್ ಅಗಲವಾದ 22.3ನ್ನು ಅದರಿಂದ ಭಾಗಿಸಿ. ಟ್ಯೂಬಿನ ಲೆಕ್ಕ ಇನ್ನೂ ಸುಲಭ: ಟ್ಯೂಬಿನ ಉದ್ದವನ್ನು ಲೆನ್ಸಿನ ಮೇಲೆ ಬರೆದ ಎಂಎಂ ಸಂಖ್ಯೆ, ಅಂದರೆ ಫೋಕಲ್ ಲೆಂತ್‌ನಿಂದ ಭಾಗಿಸಿ, ಲೆನ್ಸಿನ ಸ್ವಂತ ಹಿಗ್ಗುವಿಕೆಗೆ ಕೂಡಿಸಿದರಾಯಿತು. 50 ಎಂಎಂ ಲೆನ್ಸಿನದು 0.21. 36ರ ಟ್ಯೂಬ್ ಒಂದನ್ನೇ ಹಾಕಿದರೆ 0.93, ಅಂದರೆ ಹೆಚ್ಚುಕಡಿಮೆ 1:1 (ಸೆನ್ಸರಿನ ಮೇಲೆ ವಸ್ತುವಿನ ನಿಜ ಗಾತ್ರವೇ ಮೂಡುವುದು). ಮೂರನ್ನೂ ಸೇರಿಸಿದರೆ 1.57. ಕಾಗದದ ಮೇಲೆ ಟ್ಯೂಬ್ ಗೆದ್ದ ಹಾಗೇ ಕಾಣುತ್ತದೆ.

ಆದರೆ 0.93ರಲ್ಲಿ ಲೆನ್ಸಿನ ಮುಂದೆ ಉಳಿಯುವುದು ಸುಮಾರು 7 ಸೆಂ.ಮೀ., 1.57ರಲ್ಲಿ ಸುಮಾರು 5. ಮಲ್ಲಿಗೆ ಮೊಗ್ಗಾದರೆ ಪರವಾಗಿಲ್ಲ, ಅದು ಎಲ್ಲಿಗೂ ಓಡುವುದಿಲ್ಲ. ಕಿಟಕಿಯ ಪಕ್ಕ ಇಟ್ಟು, ಎದುರಿಗೊಂದು ಬಿಳಿ ರಟ್ಟು ನಿಲ್ಲಿಸಿದರೆ ಚೆನ್ನಾಗಿಯೇ ಬರುತ್ತದೆ. ಎಲೆ ಮೇಲಿನ ಜಿಗಿಯುವ ಜೇಡಕ್ಕೆ ಹೋದರೆ ಕಥೆ ಬೇರೆ. ಲೆನ್ಸಿನ ನೆರಳು ನೇರ ಅದರ ಮೇಲೆ ಬೀಳುತ್ತದೆ, ಫ್ಲ್ಯಾಶ್ ಬೆಳಕು ನುಗ್ಗಲು ಸಂದಿಯಿರುವುದಿಲ್ಲ. ಜೇಡ ಒಂದೋ ಎಲೆಯಡಿಗೆ ಹೋಗುತ್ತದೆ, ಇಲ್ಲವೇ ಲೆನ್ಸಿನ ಮೇಲೇ ಹಾರುತ್ತದೆ.

ರೇನಾಕ್ಸ್ 8 ಡಯಾಪ್ಟರ್‌ನ (ಹಿಗ್ಗಿಸುವ ಶಕ್ತಿಯ ಅಳತೆ) ಚಿಕ್ಕ ಗಾಜು. 52ರಿಂದ 67 ಎಂಎಂವರೆಗಿನ ಫಿಲ್ಟರ್ ಥ್ರೆಡ್ಡಿಗೆ ಕ್ಲಿಪ್ಪಿನಂತೆ ಕಚ್ಚಿಕೊಳ್ಳುತ್ತದೆ. ಜೂಮ್ ಎಷ್ಟೇ ಇರಲಿ, ಫೋಕಸ್ ಅನಂತಕ್ಕಿಟ್ಟರೆ ವಸ್ತು ನಿಲ್ಲಬೇಕಾದ ಜಾಗ ಗಾಜಿನಿಂದ ಸುಮಾರು 12 ಸೆಂ.ಮೀ. ಮುಂದೆ. 125ರಲ್ಲಿ 1:1, 250ರಲ್ಲಿ ಅದರ ಎರಡರಷ್ಟು. ನಿಂತಲ್ಲೇ ಜೂಮ್ ತಿರುಗಿಸಿದರೆ ಜೇಡದ ಇಡೀ ಮೈ, ಇನ್ನಷ್ಟು ತಿರುಗಿಸಿದರೆ ಬರೀ ಕಣ್ಣುಗಳು. ಈ ಸುಖ ನೂರರ ಮ್ಯಾಕ್ರೋದಲ್ಲೂ ಇಲ್ಲ. ಕುಂದು ಎರಡು. ಜೂಮ್ ಕಡಿಮೆ ಮಾಡಿದರೆ ಮೂಲೆಗಳು ಕಪ್ಪಾಗುತ್ತವೆ, ಎಫ್/8ಕ್ಕಿಂತ ತೆರೆದರೆ ಅಂಚು ಮೆತ್ತಗಾಗುತ್ತದೆ. ಹುಳುವಿನ ಚಿತ್ರದಲ್ಲಿ ಅಂಚನ್ನು ಯಾರು ನೋಡುತ್ತಾರೆ ಎನ್ನುವುದೂ ನಿಜ.

ನೂರರ ಮ್ಯಾಕ್ರೋ 1:1ರಲ್ಲಿ ಕೊಡುವ ಜಾಗ ಸುಮಾರು 13 ಸೆಂ.ಮೀ. ರೇನಾಕ್ಸಿಗಿಂತ ಒಂದು ಸೆಂ.ಮೀ. ಹೆಚ್ಚು, ಅಷ್ಟೇನಾ ಅನ್ನಿಸಬಹುದು. ಫೋಕಸ್ ಮಾಡುವಾಗ ಮೂತಿ ಉದ್ದವಾಗುವುದಿಲ್ಲ ಎಂಬುದನ್ನೂ ಸೇರಿಸಿ. ಸೂರ್ಯನ ಕುದುರೆಯಂಥ ಹುಷಾರಿ ಹುಳುವಿನ ಮುಂದೆ ಏನೂ ಅಲುಗಾಡದಿರುವುದು ದೊಡ್ಡ ಅನುಕೂಲ.

ಬೆಳಕಿನ ವಿಷಯದಲ್ಲಿ ಮೂರರಲ್ಲಿ ಎರಡಕ್ಕೆ ಒಂದೇ ಶಾಪ. ಟ್ಯೂಬಾಗಲಿ ಮ್ಯಾಕ್ರೋ ಲೆನ್ಸಾಗಲಿ, 1:1 ತಲುಪುವಾಗ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಅಂದರೆ ಉಳಿಯುವುದು ಕಾಲು ಭಾಗವಷ್ಟೇ. ಎಫ್/11 ಎಂದಿಟ್ಟದ್ದು ಎಫ್/22ರ ಹಾಗೆ ನಡೆದುಕೊಳ್ಳುತ್ತದೆ. ಅದಕ್ಕೇ ಎಫ್/16ಕ್ಕೆ ಹೋದರೆ, ಚಿಕ್ಕ ರಂಧ್ರದಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರ ಮಂಕು. ರೇನಾಕ್ಸ್ ಮುಂದೆ ಕೂರುವ ಗಾಜಾದ್ದರಿಂದ ಈ ನಷ್ಟ ಇಲ್ಲ, ಆದರೆ ಜೂಮ್ ತಾನೇ 250ರಲ್ಲಿ ಎಫ್/5.6ರಿಂದ ಶುರು.

1:1ರಲ್ಲಿ ಎಫ್/8 ಇಟ್ಟರೆ ಸ್ಪಷ್ಟವಾಗಿ ಬರುವ ಆಳ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು. ಉಸಿರು ಬಿಟ್ಟರೆ ಫೋಕಸ್ ಹೋಯಿತು. ಆಟೋಫೋಕಸ್ ಆರಿಸಿ, ಹಿಗ್ಗುವಿಕೆ ಗೊತ್ತುಮಾಡಿಕೊಂಡು, ಮೈಯನ್ನೇ ಕೂದಲೆಳೆಯಷ್ಟು ಹಿಂದೆಮುಂದೆ ತೂಗುತ್ತಾ ಕಣ್ಣು ಚೂಪಾದ ಕ್ಷಣ ಒತ್ತಬೇಕು. ಶಟರ್ 1/200, ಐಎಸ್ಓ 200, ಎಫ್/11, ಫ್ಲ್ಯಾಶ್ 1/16 ಪವರ್‌ನಿಂದ ಶುರುಮಾಡಿ. ಫ್ಲ್ಯಾಶಿಗೂ ವಸ್ತುವಿಗೂ ನಡುವೆ ಬಟರ್ ಪೇಪರ್ ಅಥವಾ ತೆಳು ಥರ್ಮಾಕೋಲ್ ಬಾಗಿಸಿ ಕಟ್ಟಿ. ಇಲ್ಲದಿದ್ದರೆ ದುಂಬಿಯ ಬೆನ್ನ ಮೇಲೆ ಬಿಳಿ ಚುಕ್ಕೆ ಮೂಡುತ್ತದೆ.

ಮಂಡ್ಯ ಕಡೆ ವಿ.ಸಿ. ನಾಲೆ ಬಯಲಿನಲ್ಲಿ ಚಳಿಗಾಲದ ಬೆಳಿಗ್ಗೆ ಭತ್ತದ ಗರಿ ಮೇಲೆ ಏರೋಪ್ಲೇನ್ ಚಿಟ್ಟೆಗಳು ಇಬ್ಬನಿ ಹೊದ್ದು ಕೂತಿರುತ್ತವೆ. ರೆಕ್ಕೆ ಆರುವ ತನಕ ಹಾರವು. ಸ್ಟ್ಯಾಕಿಂಗಿಗೆ (ಫೋಕಸ್ ಸರಿಸುತ್ತಾ ತೆಗೆದ ಹಲವು ಫ್ರೇಮ್ ಸೇರಿಸಿ ಒಂದೇ ಚಿತ್ರ ಮಾಡುವುದಕ್ಕೆ) ಅದೇ ಹೊತ್ತು: ಟ್ರೈಪಾಡ್ ಹಾಕಿ, ಎಫ್/5.6ಕ್ಕಿಟ್ಟು, ಒಂದೊಂದಕ್ಕೆ 0.3 ಎಂಎಂ ಸರಿಸಿದರೆ 8 ಎಂಎಂ ಆಳಕ್ಕೆ ಸುಮಾರು 27 ಫ್ರೇಮ್. ಗಾಳಿ ಎದ್ದಿತೋ, ಗರಿ ತೂಗಿ ಎಲ್ಲಾ ಫ್ರೇಮೂ ದಂಡ.

ಮುಖದ ಚಿತ್ರಕ್ಕೆ ಬಂದರೆ ಸ್ಪರ್ಧೆ ಪೂರ್ತಿ ತಿರುಗುತ್ತದೆ. ಟ್ಯೂಬ್ ಹಾಕಿದ 50 ದೂರಕ್ಕೆ ಫೋಕಸೇ ಆಗುವುದಿಲ್ಲ. 12ರ ಚಿಕ್ಕ ಟ್ಯೂಬಿದ್ದರೂ ಸೆನ್ಸರಿನಿಂದ ಸುಮಾರು ಒಂದಡಿ ಆಚೆಗೆ ಎಲ್ಲಾ ಮಬ್ಬು. ಕಲ್ಯಾಣ ಮಂಟಪದಲ್ಲಿ ತಾಳಿಯ ಕ್ಲೋಸಪ್ ತೆಗೆದು, ಮರುಕ್ಷಣ ಮದುಮಗಳ ಮುಖಕ್ಕೆ ತಿರುಗಬೇಕೆಂದರೆ ಲೆನ್ಸ್ ಬಿಚ್ಚಿ, ಟ್ಯೂಬ್ ತೆಗೆದು, ಮತ್ತೆ ಹಾಕಬೇಕು. ಧಾರೆ ಹೊತ್ತಿನಲ್ಲಿ ಸುತ್ತ ಅಕ್ಷತೆ ಹಾರುತ್ತಿರುತ್ತದೆ. ಬಾಯಿ ತೆರೆದ ಬಾಡಿಯೊಳಗೆ ಅರಿಶಿನದ ಕಾಳು ಬಿದ್ದರೆ ಸೆನ್ಸರ್ ಕ್ಲೀನಿಂಗ್ ಖರ್ಚು. ರೇನಾಕ್ಸ್ ಆದರೆ ಎರಡು ಬೆರಳಲ್ಲಿ ಕ್ಲಿಪ್ ಒತ್ತಿ ಜೇಬಿಗೆ ಹಾಕಿಕೊಳ್ಳಬಹುದು, ಆದರೆ ಮಂಟಪದ ಬೆಳಕಿಗೆ ಎಫ್/5.6 ಸಾಲದು. ನೂರರ ಮ್ಯಾಕ್ರೋಗೆ ಏನನ್ನೂ ಬಿಚ್ಚಬೇಕಿಲ್ಲ. ಮೈಸೂರು ಸಿಲ್ಕಿನ ಜರಿ ಎಳೆ, ಗೋರಂಟಿ ಬೆರಳು, ಮುಖ, ಎಲ್ಲಕ್ಕೂ ಅದೇ.

50ರ ಎಫ್/1.8ಕ್ಕಿಂತ ನೂರರ ಎಫ್/2.8ರಲ್ಲಿ ಹಿನ್ನೆಲೆ ಕಡಿಮೆ ಕರಗುತ್ತದೆ ಎಂಬ ಮಾತು ಎಲ್ಲರ ಬಾಯಲ್ಲಿದೆ. ಮುಖವನ್ನು ಫ್ರೇಮಿನಲ್ಲಿ ಅಷ್ಟೇ ಗಾತ್ರಕ್ಕೆ ಇಟ್ಟರೆ, ದೂರದ ಹಿನ್ನೆಲೆ ಎಷ್ಟು ಕರಗುತ್ತದೆ ಎನ್ನುವುದು ಅಪರ್ಚರ್ ರಂಧ್ರದ ಅಗಲಕ್ಕೆ ಬಿಟ್ಟದ್ದು. 50ನ್ನು 1.8ರಿಂದ ಭಾಗಿಸಿದರೆ 28 ಎಂಎಂ, 100ನ್ನು 2.8ರಿಂದ ಭಾಗಿಸಿದರೆ 36. ಗೆದ್ದದ್ದು ಮ್ಯಾಕ್ರೋ. 85 ಎಂಎಂ ಎಫ್/1.8 ಇಬ್ಬರನ್ನೂ ಮೀರಿಸುತ್ತದೆ, 47. ಬರೀ ಮುಖವೇ ಗುರಿಯಾದವರು ಮ್ಯಾಕ್ರೋ ಬಿಟ್ಟು ಅದನ್ನೇ ಕೊಳ್ಳಬೇಕು.

ನೂರರ ತೊಂದರೆ ಜಾಗದ್ದು. ಎಪಿಎಸ್-ಸಿ ಬಾಡಿಯಲ್ಲಿ, ಕ್ಯಾಮೆರಾವನ್ನು ಲಂಬವಾಗಿ ಹಿಡಿದು ಸೊಂಟದಿಂದ ಮೇಲಿನ 70 ಸೆಂ.ಮೀ. ಬರಬೇಕಾದರೆ 3.2 ಮೀಟರ್ ಹಿಂದೆ ಸರಿಯಬೇಕು. ಹತ್ತು-ಹನ್ನೆರಡು ಅಡಿಯ ಹಾಲಿನಲ್ಲಿ ಬೆನ್ನು ಗೋಡೆಗೆ ತಾಗುತ್ತದೆ. 50ಕ್ಕೆ 1.6 ಮೀಟರ್ ಸಾಕು. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ ಕ್ಯಾಮೆರಾ) ಇದ್ದವರಿಗೆ ಈ ಗೋಳಿಲ್ಲ. ನೂರರಲ್ಲೇ ಎರಡು ಮೀಟರಿಗೆ ಕೆಲಸ ಮುಗಿಯುತ್ತದೆ.

ಇನ್ನೊಂದು, ಮ್ಯಾಕ್ರೋ ಲೆನ್ಸಿಗೆ ಮುಲಾಜಿಲ್ಲ. ಪಕ್ಕದ ಬೆಳಕಿನಲ್ಲಿ ಮೇಕಪ್ ಪುಡಿ, ಮೂಗಿನ ಚರ್ಮದ ಸಣ್ಣ ರಂಧ್ರಗಳು, ಬಿರಿದ ತುಟಿ, ಎಲ್ಲವನ್ನೂ ಎತ್ತಿ ತೋರಿಸುತ್ತದೆ. ದೊಡ್ಡ ಮೆತ್ತನೆ ಬೆಳಕನ್ನು ಮುಖದ ಹತ್ತಿರ, ಮುಂಭಾಗಕ್ಕೆ ತಂದರೆ ಅರ್ಧ ಸರಿಹೋಗುತ್ತದೆ, ಉಳಿದದ್ದು ಎಡಿಟಿಂಗಿನಲ್ಲಿ. ಫೋಕಸ್ ಮುಂದಕ್ಕೂ ಹಿಂದಕ್ಕೂ ಅಲೆದು ನಗು ತಪ್ಪಿಹೋಗುವುದೂ ಸಾಮಾನ್ಯ. ಲೆನ್ಸಿನ ಪಕ್ಕದ ಸ್ವಿಚ್ಚನ್ನು 0.5 ಮೀಟರಿನಿಂದ ಅನಂತಕ್ಕೆ ತಳ್ಳಿದರೆ ಅಲೆದಾಟ ನಿಲ್ಲುತ್ತದೆ. ಜರಿಗೆ ಬಗ್ಗುವ ಮುಂಚೆ ವಾಪಸ್ ತಳ್ಳುವುದನ್ನು ಮರೆಯಬಾರದು, ಮರೆತರೆ ಲೆನ್ಸ್ ಕೆಟ್ಟಿದೆ ಅಂತ ಗಾಬರಿಯಾಗುತ್ತದೆ.

ಗದ್ದೆ-ತೋಟದ ಹುಳುಗಳಷ್ಟೇ ಸಾಕೆನ್ನುವವರು, ಮನೆಯಲ್ಲಿ ಟೆಲಿ ಜೂಮ್ ಇದ್ದರೆ ಮೊದಲು ರೇನಾಕ್ಸ್ ಕೊಳ್ಳಿ. ಮದುವೆ ಕೆಲಸದವರು ನೂರಕ್ಕೇ ಹೋಗಿ. ಟ್ಯೂಬ್, ಅಲುಗದ ವಸ್ತುಗಳಿಗೆ: ಹೂವು, ಒಡವೆ, ನಾಣ್ಯ. ಅದರಲ್ಲೂ ಹಿತ್ತಾಳೆ ಬಣ್ಣದ ಪಿನ್ ಇಲ್ಲದ ತೀರಾ ಅಗ್ಗದ್ದು ಬೇಡ, ಅಪರ್ಚರ್ ಕೈಗೆ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ನೂರು ಸಿಕ್ಕರೆ, ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಮಳೆಗಾಲವಿಡೀ ಬೀರುವಿನಲ್ಲಿ ಕೂತ ಲೆನ್ಸಾದರೆ ಜೇಡರ ಬಲೆಯಂಥ ಬೂಷ್ಟಿನ ಎಳೆ ಆ ಬೆಳಕಿನಲ್ಲಿ ಕಾಣಿಸುತ್ತದೆ.